ಗಾಜಿನ ಇನ್ನೊಂದು ತುದಿ

ಅಂಗಡಿಯಿಂದ,
ಮಂಗಳವಾರ, ಮಾರ್ಚ್ ೧೪

ನನ್ನ ಮುದ್ದು ಮಗಳೇ,

ಹಲ್ಲುನೋವು ಹೇಗಿದೆ? ಕೀಳಿಸಿಕೊಂಡೆಯಂತೆ, ಎರಡು ದಿನ ಮುಖ ಊದಿತ್ತಂತೆ. ಅಮ್ಮ ಫೋನಿಟ್ಟ ಮೇಲೆ ಹೇಳಿದಳು. ನೀನು ಅವಳ ಹತ್ತಿರ ಮಾತಾಡುವಾಗ ನಾನು ಪಕ್ಕದ ಕೋಣೆಯಲ್ಲೇ ಪೇಪರ್ ಹಿಡಿದು ಕೂತಿರುತ್ತೇನೆ. ಒಂದಕ್ಷರ ತಲೆಗೆ ಹೋಗುವುದಿಲ್ಲ, ಅದು ಬೇರೆ ಮಾತು. ಇಲ್ಲಿ ಎಲ್ಲರೂ ಆರೋಗ್ಯ. ಅಮ್ಮನ ಮಂಡಿ ಸ್ವಲ್ಪ ತಕರಾರು ಮಾಡುತ್ತದೆ, ಬಾಯಿ ಮಾತ್ರ ಮೊದಲಿನಷ್ಟೇ ಗಟ್ಟಿ.

ನಿನ್ನ ಟೇಪ್ ಮಾಮನೂ ಚೆನ್ನಾಗಿದ್ದಾನೆ. ಕತ್ತಿಗೆ ಅದೇ ಅಳತೆ ಟೇಪು, ನಾಲಿಗೆಗೆ ಅದೇ ಹರಿತ. ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆ ಕಿಟಕಿಗಳಿಗೆ ಗಾಜು ಕೂರಿಸುವ ಈ ಮನುಷ್ಯ ದೇವರನ್ನು ನಂಬುವುದಿಲ್ಲ. ನಾನೋ, ಪ್ರಾರ್ಥನೆ ಮುಗಿಯದೆ ಗಾಜು ಮುಟ್ಟುವವನಲ್ಲ. ಮೊದಲ ವರ್ಷ ಇದೇ ವಿಷಯಕ್ಕೆ ಜಗಳವಾಡಿ ಒಂದು ವಾರ ಮಾತು ಬಿಟ್ಟಿದ್ದೆವು. ಅವನು ಬರೆದಿಟ್ಟ ಅಳತೆ ಚೌಕಟ್ಟಿನ ಒಳಗಿನದೋ ಹೊರಗಿನದೋ ಎಂದು ಕೇಳಲು ನನಗೆ ಬಿಗುಮಾನ. ಹದಿನಾಲ್ಕು ಕಿಟಕಿಯ ಗಾಜೂ ಎರಡು ಬೆರಳು ಗಿಡ್ಡವಾದವು! ಅವತ್ತು ಅವನೇ ಒಂದು ನಿಯಮ ಮಾಡಿದ: "ಇನ್ಮೇಲೆ ದೇವರ ವಿಷಯ ಎತ್ತೋದಾದ್ರೆ ಇಬ್ಬರ ಕೈಲೂ ಗಾಜಿರಬೇಕು, ಕಣಯ್ಯ."

ಎಂಥ ಉಪಾಯ ನೋಡು. ಒಂದೇ ಗಾಜನ್ನು ಇಬ್ಬರು ಹಿಡಿದಿರುವಾಗ ಮೇಜು ಕುಟ್ಟಲಾಗದು, ಬೆರಳು ತೋರಿಸಲಾಗದು, ಸಿಟ್ಟು ಬಂತೆಂದು ಎದ್ದು ಹೋಗಲೂ ಆಗದು. ಎದುರಿನವನ ಹೆಜ್ಜೆ ನೋಡಿಕೊಂಡೇ ಮಾತಾಡಬೇಕು. "ದೇವರಿದ್ದಾನೆ ಅನ್ನೋಕೆ ಏನಪ್ಪಾ... ಮೆಟ್ಟಿಲು, ಮೆಟ್ಟಿಲು ನೋಡ್ಕೋ... ಸಾಕ್ಷಿ?" ಹೀಗೇ ನಡೆದಿದೆ ನಮ್ಮ ಚರ್ಚೆ. ಅವನೂ ಬದಲಾಗಲಿಲ್ಲ, ನಾನೂ ಬದಲಾಗಲಿಲ್ಲ. ಆದರೆ ನಾನು ಪ್ರಾರ್ಥನೆಗೆ ಕೂತಾಗ ಅಂಗಡಿಯ ರೇಡಿಯೋ ಸಣ್ಣದು ಮಾಡುವವನು ಅವನೇ.

ಮೊನ್ನೆ ಗುರುವಾರ ಒಂದು ಶಾಲೆಯ ಮೂರನೇ ಮಹಡಿಗೆ ದೊಡ್ಡ ಗಾಜು ಹೊರುತ್ತಿದ್ದೆವು. ಪ್ರಾರ್ಥನೆ ಅಂದರೆ ನಮ್ಮ ಜೊತೆ ನಾವೇ ಮಾತಾಡಿಕೊಳ್ಳುವುದು ಎಂದ ಅವನು. ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. "ನಿನ್ನ ಮಗಳೂ ಇದೇ ಮಾತಲ್ವೇನೋ ಅಂದಿದ್ದು? ನನ್ನ ಮುಂದೆ ನಗ್ತೀಯ, ಅವಳ ಮುಂದೆ ತಟ್ಟೆ ತಳ್ಳಿ ಎದ್ದು ಹೋದೆ" ಎಂದ. ಇನ್ನೂ ಹನ್ನೊಂದು ಮೆಟ್ಟಿಲಿತ್ತು. ಗಾಜು ಬಿಟ್ಟು ಎಲ್ಲಿಗೆ ಹೋಗಲಿ? ಹನ್ನೊಂದನ್ನೂ ಆ ಮಾತು ಹೊತ್ತುಕೊಂಡೇ ಹತ್ತಿದೆ.

ಅವನು ಹೇಳಿದ್ದು ನಿಜ. ಗೆಳೆಯನಿಗೆ ಕೊಟ್ಟ ಮರ್ಯಾದೆಯನ್ನು ಮಗಳಿಗೆ ಕೊಡಲಿಲ್ಲ. ನೀನು ನಂಬಬೇಕು ಎನ್ನುವ ಆಸೆ ನನಗೆ ಈಗಲೂ ಇದೆ, ಸುಳ್ಳೇಕೆ ಹೇಳಲಿ. ಆದರೆ ಅವತ್ತು ನೀನು ಮೆತ್ತಗೇ ಮಾತಾಡುತ್ತಿದ್ದೆ, ಕೂಗಾಡಿದವನು ನಾನು. ಎರಡು ವರ್ಷದಿಂದ ಇದನ್ನು ಹೇಳಲೂ ನನಗೆ ಬಿಗುಮಾನ. ತಪ್ಪಾಯಿತಮ್ಮಾ.

ತಣ್ಣೀರು ಕುಡಿಯಬೇಡ, ಹಲ್ಲು ಕಿತ್ತ ಜಾಗ ನೋಯುತ್ತದೆ. ನಿನಗಾಗಿ ದಿನವೂ ಪ್ರಾರ್ಥಿಸುತ್ತೇನೆ. ನನ್ನ ಜೊತೆ ನಾನೇ ಮಾತಾಡಿಕೊಂಡೆ ಅಂತಲೇ ಇಟ್ಟುಕೋ, ಅಲ್ಲೂ ನಿನ್ನ ಸುದ್ದಿಯೇ ಇರುತ್ತದೆ. ಸುಖವಾಗಿರು.

ನಿನ್ನ ಮೊಂಡ
ಅಪ್ಪ

ಮರೆತಿದ್ದೆ: ಅವತ್ತು ಎದ್ದು ಹೋಗುವಾಗ ನಾನು ಬಾಗಿಲು ಬಡಿದ ರಭಸಕ್ಕೆ ಬಿರುಕು ಬಿಟ್ಟ ಮುಂಬಾಗಿಲ ಗಾಜಿಗೆ ಇವತ್ತಿಗೂ ಟೇಪೇ ಅಂಟಿದೆ. ಊರಿಗೆಲ್ಲ ಗಾಜು ಹಾಕುವವನ ಮನೆಯ ಪಾಡು! ನಿನ್ನೆ ಹೊಸದು ಕತ್ತರಿಸಿ ತಂದು ಗೋಡೆಗೆ ಒರಗಿಸಿದ್ದೇನೆ. ಎತ್ತಲು ಇಬ್ಬರು ಬೇಕು. ಟೇಪ್ ಮಾಮನನ್ನು ಕರೆದರೆ ಭುಜನೋವು ಎಂದ. ಅದೇ ಮಧ್ಯಾಹ್ನ ಅವನು ಒಬ್ಬನೇ ಕನ್ನಡಿ ಬೀರು ಎತ್ತಿದ್ದನ್ನು ನಾನೇ ಕಂಡೆ. ರಜೆ ಸಿಕ್ಕಾಗ ಬಂದು ಇನ್ನೊಂದು ತುದಿ ಹಿಡಿಯುತ್ತೀಯಾ? ಏನು ಬೇಕಾದರೂ ಮಾತಾಡು. ಗಾಜು ಕೂರುವವರೆಗೆ ನಾನು ಕೈ ಬಿಡುವುದಿಲ್ಲ.