ಮೂರು ಟ್ಯೂಬೂ ನನ್ನದೇ

ಮಾರ್ಚ್ 3, ಬೆಳಿಗ್ಗೆ 11

ನಲವತ್ತು ಸ್ಯಾಂಪಲ್ ಮುಗಿಯಿತು. ಮೊದಲೆಲ್ಲ ನೂರು ಕಣ ಎಣಿಸುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತಿತ್ತು. ಈಗ ಲೇಸರ್ ಮೈಕ್ರೊಸ್ಕೋಪು ಒಂದೊಂದು ಕೆಂಪು ಕಣದ ಉಬ್ಬು-ತಗ್ಗು ಅಳೆದು, ಇದು ತಟ್ಟೆ, ಇದು ಗುಂಡು, ಇದು ಕುಡುಗೋಲು ಅಂತ ತಾನೇ ವಿಂಗಡಿಸುತ್ತದೆ. ನಾನು ಚಹಾ ಕುಡಿಯುತ್ತೇನೆ.

ಟೈಲರಮ್ಮ ಮತ್ತೆ ಹಾಜರ್. ಮೂರನೇ ಸಲ. ಮಿಷನ್ ಪ್ರಕಾರ ನಾರ್ಮಲ್.

"ಮೆಟ್ಲು ಹತ್ತಕ್ಕಾಗಲ್ಲ ಮೇಡಂ."

"ನಂಗೂ ಆಗಲ್ಲಮ್ಮ. ಹಾಗಂತ ಮನೇಲಿ ಕೂತಿದೀನಾ?"

ಮುಖ ಚಿಕ್ಕದು ಮಾಡಿಕೊಂಡು ಹೋದಳು. ಇಂಥವರು ದಿನಕ್ಕೆ ನಾಲ್ಕು ಜನ.

ಮಾರ್ಚ್ 6, ಮಧ್ಯಾಹ್ನ 3

ಟೈಲರಮ್ಮ ಜ್ವರ ಬಂದು ವಾರ್ಡಿನಲ್ಲಿ. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ನಾಲ್ಕು! ವಾರ್ಡ್ ಡಾಕ್ಟರ್ ತಾವೇ ಸ್ಲೈಡ್ ಮಾಡಿ ನೋಡಿದ್ದಾರೆ — ಎಲ್ಲಿ ನೋಡಿದರೂ ಗುಂಡು ಕಣ. ಹೆತ್ತವರಿಂದ, ಹುಟ್ಟಿನಿಂದಲೇ ಬಂದ ಕಾಯಿಲೆ. "ನಿಮ್ಮ ಮಿಷನ್‌ಗೆ ಕಣ್ಣಿದ್ಯಾ?" ಅಂತ ಎಲ್ಲರೆದುರು ಝಾಡಿಸಿದರು. ನಾನೂ ಬಿಡಲಿಲ್ಲ. ಲೆನ್ಸ್ ಸರಿ, ಲೇಸರ್ ಸರಿ ಅಂತ ವಾದಿಸಿದೆ.

ಅದೇ ದಿನ, 5 ಗಂಟೆ

ಲೆನ್ಸ್ ಸರಿ, ಲೇಸರ್ ಸರಿ. ಹಾಗಾದರೆ ಅದಕ್ಕೆ ಕಲಿಸಿದ್ದು?

ಮಿಷನ್ ಬಂದಾಗ ಇಂಜಿನಿಯರ್ ಹೇಳಿದ್ದ: "ನಾರ್ಮಲ್ ಅಂದ್ರೆ ಹೇಗಿರುತ್ತೆ ಅಂತ ಇದಕ್ಕೆ ಕಲಿಸ್ಬೇಕು. ಮೂರು ಜನ ಆರೋಗ್ಯವಾಗಿರೋರ ರಕ್ತ ಕೊಡಿ." ಯಾರನ್ನು ಕೇಳಿದರೂ ಸೂಜಿ ಅಂದರೆ ಮಾರು ದೂರ. ಮೂರು ಟ್ಯೂಬೂ ನನ್ನ ತೋಳಿನಿಂದಲೇ ಎಳೆದು, ಬೇರೆ ಬೇರೆ ನಂಬರ್ ಹಾಕಿ ಕೊಟ್ಟೆ. ನನಗೇನು ರೋಗ, ಗುಂಡುಕಲ್ಲಿನ ಹಾಗಿದ್ದೇನಲ್ಲ...

ಈಗ ನನ್ನ ರಕ್ತವನ್ನು ಹಳೆ ಮೈಕ್ರೊಸ್ಕೋಪಿನಲ್ಲಿ ನೋಡಿದೆ. ನಡುವೆ ತಗ್ಗಿರಬೇಕಾದ ಕಣಗಳು ಗುಂಡಗಿವೆ. ಎಲ್ಲವೂ ಅಲ್ಲ, ಆದರೆ ಬೇಕಾದಷ್ಟು. ನನ್ನಂಥವರನ್ನೆಲ್ಲ ಮಿಷನ್ ಐದು ತಿಂಗಳಿಂದ ನಾರ್ಮಲ್ ಅನ್ನುತ್ತಿದೆ.

ಮಾರ್ಚ್ 10

ನಿಜವಾಗಿಯೂ ಮೂವರ ರಕ್ತ ಕೊಟ್ಟು ಮತ್ತೆ ಕಲಿಸಿದೆ. ಐದು ತಿಂಗಳಿಂದ ಉಳಿಸಿಟ್ಟ ಕಣಗಳ ಚಿತ್ರಗಳನ್ನೆಲ್ಲ ಮಿಷನ್‌ಗೆ ಮತ್ತೆ ತೋರಿಸಿದೆ. ಮೂವತ್ತೊಂದು ರಿಪೋರ್ಟ್ ತಪ್ಪು.

ಹತ್ತೊಂಬತ್ತನೆಯದು ನನ್ನ ಮಗಳದು.

ನವೆಂಬರಿನಲ್ಲಿ ನಾನೇ ಎಳೆದುಕೊಂಡು ಬಂದು ಟೆಸ್ಟ್ ಮಾಡಿಸಿದ್ದೆ. ರಿಪೋರ್ಟನ್ನು ಮುಖಕ್ಕೆ ಹಿಡಿದು, "ನಾರ್ಮಲ್. ಇನ್ನು ನಾಟಕ ಸಾಕು" ಅಂದಿದ್ದೆ. ಆಮೇಲೆ ಅವಳು ಸುಸ್ತು ಅಂತ ಒಂದು ಸಲವೂ ಹೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಎಂಥ ತಾಯಿ ನಾನು.

ಮಾರ್ಚ್ 14

ಲ್ಯಾಬಿನ ಮುಖ್ಯಸ್ಥರಿಗೆ ಹೇಳಿದೆ. ಎದ್ದು ಬಾಗಿಲು ಹಾಕಿ ಬಂದರು.

"ಮಿಷನ್ ಈಗ ಸರಿ ಇದೆ ತಾನೆ? ಮಗಳನ್ನ ಡಾಕ್ಟರಿಗೆ ತೋರಿಸು. ಉಳಿದಿದ್ದು ಕೆದಕ್ಬೇಡ. ನಿನ್ನ ಕೆಲ್ಸಾನೂ ಹೋಗುತ್ತೆ, ನಂದೂ ಹೋಗುತ್ತೆ."

ತಲೆಯಾಡಿಸಿ ಬಂದೆ. ಒಳಗೊಳಗೆ ಸಮಾಧಾನವೂ ಆಯಿತು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 22, ಬೆಳಿಗ್ಗೆ 9

ಎಂಟು ದಿನ ತಳ್ಳಿ, ಇವತ್ತು ಮಗಳಿಗೆ ಎಲ್ಲ ಹೇಳಿದೆ. ರೇಗುತ್ತಾಳೆ ಅಂತ ಕಾದೆ. ಒಗೆದ ಬಟ್ಟೆ ಮಡಚುತ್ತಲೇ ಇದ್ದಳು.

"ಉಳಿದವರಿಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಅವ್ರ ಅಮ್ಮಂದಿರು ಲ್ಯಾಬಲ್ಲಿ ಕೆಲ್ಸ ಮಾಡಲ್ಲ ಅಲ್ವಾ, ಪಾಪ."

ಚೀಲ ಎತ್ತಿಕೊಂಡು ಲ್ಯಾಬಿಗೆ ಬಂದೆ.

9.40

ತಪ್ಪು ರಿಪೋರ್ಟಿನವರ ಪಟ್ಟಿ ಮುಂದಿದೆ, ಫೋನ್ ಪಕ್ಕದಲ್ಲಿ. ಮೊದಲನೆಯವರು ಬಸ್ ಡ್ರೈವರ್. ಏನು ಹೇಳಬೇಕು ಅಂತ ಬರೆದುಕೊಳ್ಳುತ್ತೇನೆ. ಇಲ್ಲದಿದ್ದರೆ ನನ್ನ ನಾಲಿಗೆ ಎಲ್ಲವನ್ನೂ ಮಿಷನ್ ಮೇಲೆ ಹಾಕಿಬಿಡುತ್ತದೆ.

ನಮಸ್ಕಾರ, ಲ್ಯಾಬಿಂದ ಮಾತಾಡ್ತಿದೀನಿ. ನಿಮ್ಮ ರಿಪೋರ್ಟ್ ತಪ್ಪು. ಮಿಷನ್ ತಪ್ಪಲ್ಲ, ನಂದು.