ಅರ್ಜುನನ ಕಾರಿಗೆ ಗೆರೆಯ ಟೈರು

ನಂದಿನಿ,

ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೋ, ತಣ್ಣಗಿನದು ತಿನ್ನಬೇಡ.

ನಿನ್ನ ಅಣ್ಣನ ಸ್ಪೋರ್ಟ್ಸ್ ಕಾರಿಗೆ ನೀನು ಹೇಳಿದ ನುಣುಪು ಟೈರು ಹಾಕಿಸಲಿಲ್ಲ. ರಸ್ತೆಗೂ ರೇಸಿಗೂ ಆಗುವ ಗೆರೆಯ ಟೈರು ಹಾಕಿಸಿದ್ದೇನೆ. ಸಿಟ್ಟಾಗುವುದಿದ್ದರೆ ಆಗು.

ಅಂಗಡಿಯ ಹಣಮೇಶ, "ಅವ್ವಾರ, ನುಣ್ಣಗಿನ್ವು ಗಟ್ಟಿ ನೆಲ ಹಿಡಿತಾವ್ರಿ, ಗೆಲ್ಲೂವು ಅವೇ. ಆದ್ರ ರೇಸಿಗಂತ ಹೈದರಾಬಾದಿಗೆ ಹೋಗೂ ಹಾದ್ಯಾಗ ಮಳಿ ಬಂದ್ರ ದೇವ್ರೇ ಕಾಯ್ಬೇಕ್ರಿ" ಎಂದ.

"ದೇವರಿಗೆ ನಮ್ಮ ಮನ್ಯಾಗಿಂದ ಒಬ್ಬಾಂವ ಸಾಕೋ" ಎಂದೆ. ಅವನು ಜಾಕು ಹಚ್ಚಿದ.

ರೇಸಿಗೆ ಮುಂಚೆ ಹಿಂದಿನ ಟೈರುಗಳ ಗಾಳಿ ಸ್ವಲ್ಪ ಇಳಿಸಬೇಕಂತೆ. ಮರಳುವಾಗ ತುಂಬಿಸಿಕೋ, ಮರೆಯಬೇಡ.

ಹೊಸ ಟೈರಿಗೆ ನಿಂಬೆಹಣ್ಣು ಇಡಲು ಹಣಮೇಶ ಬಗ್ಗಿದ. ಅರ್ಜುನ ಜ್ವರದಲ್ಲಿ ಹೋಗಿ ಇನ್ನೂ ವರ್ಷ ತುಂಬಿಲ್ಲ, ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಗಾಡಿಪೂಜೆ ಇಲ್ಲವೆಂದು ತಡೆದೆ. ಕಾರು ಶುರುವಾದಾಗ ನಾನೇ ಹೋಗಿ ನಾಲ್ಕು ಚಕ್ರದ ಕೆಳಗೂ ಹಣ್ಣು ಇಟ್ಟೆ. ಯಾಕೆ ಇಟ್ಟೆನೋ ತಿಳಿಯದು. ಅಳುವೂ ಬರಲಿಲ್ಲ. ಆ ನೇಮ ಮುರಿದದ್ದನ್ನು ಹೇಳಿಕೊಳ್ಳಲು ಬೆಳಗಿನ ಬಸ್ಸಿಗೆ ಅಬ್ಬೆತುಮಕೂರಿನ ಮಠಕ್ಕೆ ಹೊರಟಿದ್ದೇನೆ. ಸಂಜೆಗೆ ಬರುತ್ತೇನೆ, ಕಾಯಬೇಡ.

ಅರ್ಜುನ ಹೆಸರು ಕೊಟ್ಟಿದ್ದ ರೇಸಿನಲ್ಲಿ ಅವನ ಬದಲು ನೀನು ಓಡಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಅವನಾಗಿದ್ದರೆ ಗೆಲ್ಲುತ್ತಿದ್ದ ಎನ್ನುತ್ತೀ. ಇರಬಹುದು. ನೀನು ಎಲ್ಲರಿಗಿಂತ ಹಿಂದೆ ಬಿದ್ದರೂ ನಡೆದೀತು, ಮನೆಗೆ ಬಾ.

ಅವ್ವ