ಮೂರು ಮುಷ್ಟಿ ಉಪ್ಪು

ಸರೋಜಿನಿ ನಗರ, ದೆಹಲಿ,
೯ ಫೆಬ್ರವರಿ ೨೦೦೬

ಪ್ರೀತಿಯ ಸರಳಕ್ಕಾ,

ನಿಮ್ಮ ಯಜಮಾನರು ರಿಟೈರಾದ ಮೇಲೆ ಮೈಸೂರಿಗೆ ಹೋದಿರಲ್ಲ, ಊರು ಒಗ್ಗಿತೇ? ಇಲ್ಲಿ ನಮ್ಮ ಊಟದ ಡಬ್ಬಿಗಳ ಸಂಖ್ಯೆ ದಿನಕ್ಕೆ ನಲವತ್ತರಿಂದ ಇನ್ನೂರಕ್ಕೆ ಏರಲಿದೆ. ಮಾರ್ಚ್ ಒಂದರಿಂದ ಗುರಗಾಂವ್‌ನ ಆಫೀಸೊಂದಕ್ಕೆ ಕಳಿಸಬೇಕು. ಮೊದಲ ವಾರ ರುಚಿ ಹಿಡಿಸದಿದ್ದರೆ ಆರ್ಡರನ್ನು ಬೇರೆಯವರಿಗೆ ಕೊಡುತ್ತಾರಂತೆ.

ಕೊನೆ ಗಳಿಗೆಯಲ್ಲಿ ಪರದಾಡಬಾರದೆಂದು ಈಗಲೇ ಎರಡನೇ ಅಡುಗೆಮನೆ ಹಿಡಿದಿದ್ದೇನೆ, ವ್ಯಾನ್ ಗೊತ್ತುಮಾಡಿದ್ದೇನೆ, ಇಬ್ಬರು ಅಡುಗೆಯವರನ್ನು ಇಟ್ಟುಕೊಂಡಿದ್ದೇನೆ. ಆದರೆ ರುಚಿಯದೇ ಚಿಂತೆ. ದೊಡ್ಡ ಪಾತ್ರೆಯ ಸಾರಿಗೆ ಒಂದು ಮುಷ್ಟಿ ಉಪ್ಪು ಹಾಕಿ ಎಂದರೆ, ಹೊಸ ಅಡುಗೆಯವರಲ್ಲೊಬ್ಬರಾದ ಬಿಷ್ಟ್ ಭಯ್ಯಾ, "ಕಿಸ್ಕೀ ಮುಟ್ಠೀ, ದೀದಿ?" ಎಂದು ಕೇಳಿದರು. ಯಾರ ಮುಷ್ಟಿ!

ಎಂಟು ವರ್ಷ ನಿಮ್ಮ ಜೊತೆ ಒಲೆಯ ಮುಂದೆ ನಿಂತರೂ ಒಂದು ಅಳತೆ ಬರೆದುಕೊಳ್ಳಲಿಲ್ಲ. ಹೊರಡುವಾಗ ನೀವೇ ಬರೆಸುತ್ತೇನೆ ಎಂದಿರಿ. "ನಂಗೆಲ್ಲ ಬರುತ್ತೆ ಬಿಡಿ" ಎಂದು ಜಂಬ ಕೊಚ್ಚಿಕೊಂಡೆ.

ದಯವಿಟ್ಟು ನಿಮ್ಮ ಕೈಯಿಂದಲೇ ಮೂರು ಮುಷ್ಟಿ ಉಪ್ಪು ತೆಗೆದು, ಬೇರೆಬೇರೆ ಪೊಟ್ಟಣ ಕಟ್ಟಿ ಕೊರಿಯರ್ ಮಾಡಿ. ಅವನ್ನು ನಾನಿಲ್ಲಿ ತೂಗಿ, ಸರಾಸರಿ ತೆಗೆದು, ಎರಡೂ ಅಡುಗೆಮನೆಗೆ ಒಂದೇ ಅಳತೆಯ ಲೋಟ ಇಡುತ್ತೇನೆ. ದೆಹಲಿಗೆ ಮೈಸೂರಿನಿಂದ ಉಪ್ಪೇ ಎಂದು ನಗಬೇಡಿ.

ಇನ್ನೊಂದು ಮಾತು. ನೈವೇದ್ಯಕ್ಕೆ ಮುಂಚೆ ನೀವು ಒಂದು ಹನಿಯನ್ನೂ ನಾಲಿಗೆಗೆ ತಾಗಿಸುತ್ತಿರಲಿಲ್ಲ. ಈಗಲೂ ದಿನಾ ಮೊದಲ ಸೌಟನ್ನು ದೇವರಿಗೇ ಎತ್ತಿಡುತ್ತೇನೆ. ಆದರೆ ನೀವು ಹೋದ ಮರುದಿನದಿಂದ, ಅದಕ್ಕೂ ಮುಂಚೆ, ದೇವರ ಮನೆಯ ಬಾಗಿಲನ್ನು ಮುಂದಕ್ಕೆಳೆದು ರುಚಿ ನೋಡುತ್ತಿದ್ದೇನೆ.

ಪೊಟ್ಟಣ ಬೇಗ ಕಳಿಸಿ.

ನಿಮ್ಮ
ವೈಜಯಂತಿ